ಸೈಕಲ್ ಮುಖ್ಯ ಅಲ್ಲ ಅನ್ನೋರ ಸೈಕಲ್ ನೋಡಿ

ಇಲ್ಲಿ ಏನೂ ಬರೆಯದೆ ಎರಡು ತಿಂಗಳಾಯ್ತು. ಆಫೀಸಿನ ರಿಲೀಸು, ಊರಲ್ಲಿ ಮದುವೆ, ಬೆನ್ನು ನೋವು ಅಂತೆಲ್ಲ ನೆಪ ಹೇಳಬಹುದು. ನಿಜವಾದ ಕಾರಣ ಸೈಕಲ್ ಹುಚ್ಚು. ಕಥೆ, ಸಿನಿಮಾ ಅಂತ ಏನಾದ್ರೂ ಇರುತ್ತೆ ಅಂತ ಬಂದವರು ಈ ಸಲ ಕ್ಷಮಿಸಿ. ಆದ್ರೆ ಪೂರ್ತಿ ಓದಿ, ಕೊನೆಗೆ ಒಂದು ಕೋರಿಕೆ ಇದೆ.

ಮೊನ್ನೆ ಬ್ರಹ್ಮಾವರದ ಗೆಳೆಯನ ಫೋನ್ ಬಂತು. ಇಬ್ಬರೂ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಕೊನೆಗೆ ಸಾಫ್ಟ್‌ವೇರಿಗೆ ಬಂದು ಬಿದ್ದವರು. ಇಬ್ಬರಿಗೂ ಟೈಮ್ ಟ್ರಯಲ್ ಹುಚ್ಚು ಹಿಡಿದು ಮೂರು ವರ್ಷ. "ಕಾರ್ಬನ್ ಚಕ್ರ ತಕಂಬ ಅಂದೇಳಿ ಮಾಡಿದ್ದೆ ಮಾರಾಯ. ಇಎಂಐ ಸಿಕ್ಕತ್ತಂಬ್ರ್. ನಿಂದೆಂತ ಅಭಿಪ್ರಾಯ?" ಅಂದ. ಬೆಲೆ ಕೇಳಿದೆ. ಒಂದು ಲಕ್ಷದ ಹತ್ತಿರ! ಬರೀ ಎರಡು ಚಕ್ರಕ್ಕೆ.

ಅಭಿಪ್ರಾಯ ತಾನೇ, ಅದಕ್ಕೇನು ಬರಗಾಲ? ಆದ್ರೆ ಫೋನಲ್ಲಿ ನನಗೆ ಉತ್ತರ ಹೊರಡಲಿಲ್ಲ. ಯಾಕೆಂದ್ರೆ ಅದೇ ಚಕ್ರದ ಮೇಲೆ ನನಗೂ ಆರು ತಿಂಗಳಿಂದ ಕಣ್ಣಿತ್ತು :-)

ಗೊತ್ತಿಲ್ಲದವರಿಗೆ: ಟೈಮ್ ಟ್ರಯಲ್ ಅಂದ್ರೆ ಗಡಿಯಾರದ ಎದುರು ಸ್ಪರ್ಧೆ. ಎಲ್ಲರೂ ಒಟ್ಟಿಗೆ ಹೊರಡೋ ಹಾಗಿಲ್ಲ. ಒಂದೋ ಎರಡೋ ನಿಮಿಷದ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡಬೇಕು. ಮುಂದಿನವನ ಬೆನ್ನ ಹಿಂದೆ ಅಡಗಿ ಗಾಳಿ ತಪ್ಪಿಸಿಕೊಳ್ಳೋಕೆ ಅವಕಾಶ ಇಲ್ಲ. ನೀವು, ರಸ್ತೆ, ಗಾಳಿ. ಅಷ್ಟೇ.

ಈ ಗಾಳಿ ಇದೆಯಲ್ಲ, ಅದು ಬಡ್ಡಿ ಸಾಲದ ಹಾಗೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಗೆಲ್ಲೋಕೆ ಬೇಕಾದ ಶಕ್ತಿ ಎಂಟು ಪಟ್ಟು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿಮೀ ಮೇಲೆ ಹೋಗುವಾಗ ನಮ್ಮ ಶ್ರಮದ ಸುಮಾರು ಮುಕ್ಕಾಲು ಪಾಲು ಗಾಳಿಗೇ ಹೋಗುತ್ತದೆ. ಅದರಲ್ಲೂ ಗಾಳಿಗೆ ಹೆಚ್ಚು ಅಡ್ಡ ನಿಲ್ಲೋದು ಸೈಕಲ್ಲಲ್ಲ, ಅದರ ಮೇಲೆ ಕೂತ ನಮ್ಮ ದೇಹ.

ಈ ವಿಷಯದಲ್ಲಿ ಹವ್ಯಾಸಿ ಸೈಕಲ್ ಸವಾರರಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಎಲ್ಲವೂ ಸಾಮಾನು. ಏರೋ ಹೆಲ್ಮೆಟ್, ಏರೋ ಚಕ್ರ, ಏರೋ ಸಾಕ್ಸ್ (ಹೌದು, ಅದೂ ಇದೆ). ಇನ್ನೊಂದು ಪಕ್ಷದ್ದು ದೊಡ್ಡ ಮಾತು: "ಕಾಲಲ್ಲಿ ದಮ್ ಇರ್ಬೇಕು, ಸೈಕಲ್ ಯಾವುದಾದ್ರೇನು?" ನಾನು ಇಷ್ಟು ದಿನ ಎರಡನೇ ಪಕ್ಷದವನು. ಕಣ್ಣು ಮಾತ್ರ ಮೊದಲನೇ ಪಕ್ಷದ ಅಂಗಡಿ ಮೇಲೆ. ಈಗ ಎರಡೂ ಪಕ್ಷ ಬಿಟ್ಟಿದ್ದೇನೆ. ಬಿಡಿಸಿದವನು ನನ್ನ ಚಿಕ್ಕಮ್ಮನ ಮಗ.

ಚಿಕ್ಕಮ್ಮನ ಮನೆ ನಾವುಂದದಲ್ಲಿ. ಮಗ ಸೆಕೆಂಡ್ ಪಿಯುಸಿ. ಬೆಳಿಗ್ಗೆ ಡೇರಿಗೆ ಹಾಲು ಹಾಕೋದು, ಕಾಲೇಜಿಗೆ ಹೋಗೋದು, ಸಂಜೆ ಅಂಡರ್ ಆರ್ಮ್ ಕ್ರಿಕೆಟ್ಟು, ಎಲ್ಲದಕ್ಕೂ ಒಂದೇ ಸೈಕಲ್. ಆ ಸೈಕಲ್ ಒಂದು ಕಾಲದಲ್ಲಿ ನನ್ನದು! 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತ್ತಲ್ಲ, ಆ ಯೋಜನೆಯಲ್ಲಿ ನಾನು ಎಂಟನೇ ಕ್ಲಾಸಿಗೆ ಬಂದಾಗ ಸಿಕ್ಕಿದ್ದು. ಸೀಟು ಎರಡು ಸಲ, ಟಯರು ಲೆಕ್ಕವಿಲ್ಲದಷ್ಟು ಸಲ ಬದಲಾಗಿದೆ. ತೆಂಗಿನಕಾಯಿ ತೂಗೋ ತಕ್ಕಡಿಯಲ್ಲಿ ಇಟ್ಟು ನೋಡಿದೆ, 20 ಕೆಜಿಗೆ ಸ್ವಲ್ಪ ಕಡಿಮೆ. ಗೇರ್ ಇಲ್ಲ. ಒಂದೇ ಬ್ರೇಕು ಸರಿಯಾಗಿ ಹಿಡಿಯೋದು.

ನನ್ನದು ಸೆಕೆಂಡ್ ಹ್ಯಾಂಡ್ ರೋಡ್ ಬೈಕು, 38 ಸಾವಿರಕ್ಕೆ ಬೆಂಗಳೂರಲ್ಲಿ ಕೊಂಡದ್ದು. ಅದನ್ನು ಊರಿಗೆ ತಂದ ದಿನ ಚಿಕ್ಕಮ್ಮ ನೋಡಿ, "ಇಷ್ಟ್ ದುಡ್ಡಿಗೆ ಒಂದ್ ಹಳೀ ಸ್ಕೂಟ್ರೇ ಬತ್ತಿತ್ತಲ್ದಾ ಮಗಾ?" ಅಂದಿದ್ದರು. ಅವರ ಮಗ ಮಾತ್ರ ಮಾತಾಡದೆ ಅದರ ಸುತ್ತ ಮೂರು ಸುತ್ತು ಬಂದಿದ್ದ. ಅವತ್ತು ನಾನು ಅವನ ಬೆನ್ನು ತಟ್ಟಿ ಹೇಳಿದ್ದೆ, "ಸೈಕಲ್ ಮುಖ್ಯ ಅಲ್ಲ, ಕಾಲು ಮುಖ್ಯ." ಏನೋ ದೊಡ್ಡ ಜ್ಞಾನ ಕೊಟ್ಟೆ ಅಂದ್ಕೊಂಡಿದ್ದೆ.

ಕಳೆದ ಜನವರಿಯಲ್ಲಿ ವರ್ಕ್ ಫ್ರಮ್ ಹೋಮ್ ಹಾಕಿಸಿಕೊಂಡು ಒಂದು ತಿಂಗಳು ಊರಲ್ಲಿದ್ದೆ. ಇಂಜಿನಿಯರ್ ಬುದ್ಧಿ ಸುಮ್ಮನಿರುತ್ತಾ? ಒಂದು ಪರೀಕ್ಷೆ ಮಾಡೋಣ ಅನ್ನಿಸ್ತು. ಜಾಗ ನಮ್ಮ ಮರವಂತೆ ರಸ್ತೆ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೈವೇ. ತ್ರಾಸಿಯಿಂದ ಉತ್ತರಕ್ಕೆ 5 ಕಿಮೀ ಹೋಗಿ, ಡಿವೈಡರ್ ತೆರೆದಿರೋ ಕಡೆ ತಿರುಗಿ 5 ಕಿಮೀ ವಾಪಸ್. ಹೋಗಿ ಬಂದರೆ ಗಾಳಿಯ ಲೆಕ್ಕ ಪೂರ್ತಿ ಸರಿಹೋಗುತ್ತೆ ಅಂತಲ್ಲ, ಎದುರು ಗಾಳಿ ಕಿತ್ತುಕೊಂಡ ಸಮಯವನ್ನು ಹಿಂದಿನ ಗಾಳಿ ಪೂರ್ತಿ ವಾಪಸ್ ಕೊಡೋದಿಲ್ಲ. ಅದಕ್ಕೇ ಕಡಲ ಗಾಳಿ ಏಳೋ ಮೊದಲು, ಬೆಳಕು ಹರಿದ ಕೂಡಲೇ, ಲಾರಿ ಕಡಿಮೆ ಇರೋ ಭಾನುವಾರಗಳಲ್ಲಿ ಮಾತ್ರ ಹೊಡೆದೆವು. ದಿನಕ್ಕೆ ಒಬ್ಬರಿಗೆ ಒಂದೇ ಓಟ, ಕಾಲು ಸುಸ್ತಾಗಿ ಲೆಕ್ಕ ಕೆಡಬಾರದು ಅಂತ.

ಬಂದ ಸಮಯ ಹೀಗಿದೆ, 10 ಕಿಮೀಗೆ:

ನಾನು, ಸರ್ಕಾರಿ ಸೈಕಲ್: 23 ನಿಮಿಷ 40 ಸೆಕೆಂಡು.
ಅವನು, ಸರ್ಕಾರಿ ಸೈಕಲ್: 22 ನಿಮಿಷ 30 ಸೆಕೆಂಡು.
ನಾನು, ರೋಡ್ ಬೈಕು, ಮಾಮೂಲಿ ಕೂತು: 18 ನಿಮಿಷ 50 ಸೆಕೆಂಡು.
ಅವನು, ರೋಡ್ ಬೈಕು, ಮಾಮೂಲಿ ಕೂತು: 18 ನಿಮಿಷ 15 ಸೆಕೆಂಡು.
ನಾನು, ರೋಡ್ ಬೈಕು, ಕೆಳಗಿನ ಹ್ಯಾಂಡಲ್ ಹಿಡಿದು, ಮೊಣಕೈ ಮಡಿಸಿ, ತಲೆ ತಗ್ಗಿಸಿ, ಮೈಗೆ ಅಂಟೋ ಜೆರ್ಸಿ ಹಾಕಿ: 17 ನಿಮಿಷ 55 ಸೆಕೆಂಡು.

ಫೋನಿನ ಸ್ಟಾಪ್‌ವಾಚು, ನಾಲ್ಕೈದು ಭಾನುವಾರ, ಇಬ್ಬರೇ ಜನ. ಇದು ವಿಜ್ಞಾನ ಅಲ್ಲ, ಗೊತ್ತು. ಆದ್ರೂ ಅಂತರ ನೋಡಿ. ನನಗಿಂತ ಅವನ ಕಾಲು ಗಟ್ಟಿ, ಯಾವ ಸೈಕಲ್ ಕೊಟ್ಟರೂ ಅವನೇ ಮುಂದೆ. ಆದರೆ ಆ ವ್ಯತ್ಯಾಸ ಅರ್ಧ ನಿಮಿಷದಿಂದ ಒಂದು ನಿಮಿಷ ಚಿಲ್ಲರೆ. ಸೈಕಲ್ ಬದಲಾಯಿಸಿದ ವ್ಯತ್ಯಾಸ ಇಬ್ಬರಿಗೂ ನಾಲ್ಕು ನಿಮಿಷದ ಮೇಲೆ!

ಅವನು ಫೋನಲ್ಲಿ ಬರೆದಿಟ್ಟಿದ್ದನ್ನು ಒಂದು ಸಲ ಓದಿ, ಸಣ್ಣ ದನಿಯಲ್ಲಿ ಕೇಳಿದ. "ಕಾಲಂಗೆ ದಮ್ ಇದ್ರ್ ಸಾಕ್ ಅಂದಿದ್ಯಲೆ ಅಣ್ಣ. ಹಂಗಾರೆ ಈ ನಾಲ್ಕ್ ನಿಮಿಷ ಯಾರದ್ದ್?"

ಉತ್ತರ ಇರಲಿಲ್ಲ. ತ್ರಾಸಿಯಲ್ಲಿ ಚಾ ಕುಡಿಸಿದೆ, ಬನ್ಸ್ ತಿನ್ನಿಸಿದೆ. ಅದು ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ತೂಕ, ಸೈಕಲ್ ತೂಕ, ಟಯರಿನ ಉಜ್ಜಾಟ, ಗಾಳಿ ಎಲ್ಲ ಸೇರಿಸಿ, ಗಂಟೆಗೆ 32 ಕಿಮೀಗೆ ನನಗೆ ಹತ್ತಿರ ಹತ್ತಿರ 190 ವಾಟ್ ಬೇಕು. ಬರೀ ಮೈ ತಗ್ಗಿಸಿ ಕೂತರೆ ಅದೇ 190 ವಾಟ್‌ನಲ್ಲಿ ವೇಗ 33.8ಕ್ಕೆ ಹೋಗುತ್ತದೆ. 40 ಕಿಮೀ ಓಟದಲ್ಲಿ ನಾಲ್ಕು ನಿಮಿಷ ಉಳಿತಾಯ. ಖರ್ಚು ಸೊನ್ನೆ. ಕುತ್ತಿಗೆ ನೋವು ಬೇರೆ ಲೆಕ್ಕ.

ಈಗ ಗೆಳೆಯನ ಚಕ್ರಕ್ಕೆ ಬರೋಣ. ಇಂಥ ಸಾಮಾನಿನ ಜಾಹೀರಾತಿನಲ್ಲಿ ಇಷ್ಟು ವಾಟ್ ಉಳಿಯುತ್ತೆ ಅಂತ ಹಾಕ್ತಾರಲ್ಲ, ಅದು ಸಾಮಾನ್ಯವಾಗಿ ಗಂಟೆಗೆ 45-50 ಕಿಮೀ ಗಾಳಿಯಲ್ಲಿ ಅಳೆದದ್ದು. 48ರಲ್ಲಿ 20 ವಾಟ್ ಉಳಿದರೆ, ನನ್ನ 32ರಲ್ಲಿ ಉಳಿಯೋದು 6 ವಾಟ್. ಎಂಟು ಪಟ್ಟಿನ ಆ ಲೆಕ್ಕವೇ ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಹಾಗಂತ 6 ವಾಟ್ ಸೊನ್ನೆ ಅಲ್ಲ. ನಿಧಾನದವರು ರಸ್ತೆ ಮೇಲೆ ಹೆಚ್ಚು ಹೊತ್ತು ಇರ್ತಾರೆ, ಹಾಗಾಗಿ ಅವರಿಗೂ ಸಮಯ ಉಳಿಯುತ್ತದೆ. ನನ್ನ ಲೆಕ್ಕದಲ್ಲಿ 40 ಕಿಮೀಗೆ ಸುಮಾರು ಒಂದು ನಿಮಿಷ. ಅಂದ್ರೆ ಒಂದು ಲಕ್ಷಕ್ಕೆ ಒಂದು ನಿಮಿಷ. ಮೈ ತಗ್ಗಿಸಿದ್ದಕ್ಕೆ ನಾಲ್ಕು ನಿಮಿಷ, ಪುಕ್ಕಟೆ.

ಇನ್ನು ವ್ಯಾಯಾಮ. ಜನವರಿಯಿಂದ ಏಪ್ರಿಲ್ ತನಕ ವಾರಕ್ಕೆ ನಾಲ್ಕು ದಿನ ಬಿಡದೆ ತುಳಿದೆ. ಎರಡು ದಿನ ಉಸಿರು ಕಟ್ಟುವಷ್ಟು ಜೋರಾಗಿ ಐದೈದು ನಿಮಿಷದ ತುಂಡುಗಳು, ಒಂದು ದಿನ ಬೈಂದೂರು ತನಕ ಉದ್ದದ ಸವಾರಿ, ಒಂದು ದಿನ ಆರಾಮಾಗಿ. ರಾತ್ರಿ ಹನ್ನೊಂದಕ್ಕೆ ಮೊದಲು ನಿದ್ದೆ (ಇದೇ ಕಷ್ಟ, ಅಮೆರಿಕದವರ ಕಾಲ್ ಇರುತ್ತಲ್ಲ). ಮಾಮೂಲಿ ಕೂತು 18:50 ಇದ್ದದ್ದು 18:05ಕ್ಕೆ ಇಳಿಯಿತು. ಮೂರು ತಿಂಗಳ ಬೆವರು, 45 ಸೆಕೆಂಡು. ಆದರೆ ಈ 45 ಸೆಕೆಂಡಿಗೆ ಒಂದು ಗುಣ ಇದೆ, ಅದು ಎಲ್ಲ ಕಡೆ ಜೊತೆಗೆ ಬರುತ್ತೆ. ಒತ್ತಿನೆಣೆ ಏರಿನಲ್ಲಿ ವೇಗ 14-15ಕ್ಕೆ ಬಿದ್ದಾಗ ಏರೋ ಚಕ್ರ ಏನೂ ಮಾಡಲ್ಲ, ಕಾಲು ಮಾಡುತ್ತೆ.

ನಮ್ಮ ಕರಾವಳಿಯಲ್ಲಿ ಇನ್ನೂ ಎರಡು ಮಾತು ಸೇರಿಸಬೇಕು. ಒಂದು, ಸೆಕೆ. ಗಾಳಿ ಕಿಂಡಿ ಇಲ್ಲದ ಏರೋ ಹೆಲ್ಮೆಟ್ ಹಾಕಿಕೊಂಡು ಮೇ ತಿಂಗಳಲ್ಲಿ ಕುಂದಾಪುರದಿಂದ ಬೈಂದೂರಿಗೆ ಹೊಡೆದು ನೋಡಿ, ತಲೆಯೊಳಗೆ ಕುಚ್ಚಲಕ್ಕಿ ಬೇಯುತ್ತದೆ. ಗಾಳಿಯಲ್ಲಿ ಉಳಿಸಿದ್ದನ್ನು ಸೆಕೆ ನುಂಗಿ ಹಾಕುತ್ತದೆ. ಎರಡು, ರಸ್ತೆ. ಮೊಣಕೈ ಊರೋ ಏರೋ ಬಾರ್ ಮೇಲೆ ಮಲಗಿದಾಗ ಕೈ ಬ್ರೇಕಿನ ಹತ್ತಿರ ಇರಲ್ಲ. ತೆಕ್ಕಟ್ಟೆಯಲ್ಲೋ ಕೋಟದಲ್ಲೋ ದನ ಅಡ್ಡ ಬಂದರೆ, ಬಸ್ಸು ಎಡಕ್ಕೆ ಎಳೆದು ನಿಲ್ಲಿಸಿದರೆ ಆ ಅರ್ಧ ಸೆಕೆಂಡೇ ಜೀವ. ರಸ್ತೆ ಮುಚ್ಚಿ ನಡೆಸೋ ಸ್ಪರ್ಧೆಯ ಆಸನವನ್ನು ತೆರೆದ ಹೈವೇಯಲ್ಲಿ ಅಭ್ಯಾಸ ಮಾಡೋದು ಶೌರ್ಯ ಅಲ್ಲ. ಕೆಳಗಿನ ಹ್ಯಾಂಡಲ್ ಹಿಡಿದರೆ ಬ್ರೇಕೂ ಕೈಯಲ್ಲೇ ಇರುತ್ತೆ, ಗಾಳಿಯೂ ತಪ್ಪುತ್ತೆ.

"ಇದೆಲ್ಲ ನಿನ್ನಂಥ ಹವ್ಯಾಸಿಗೆ, ನಿಜವಾದ ಚಾಂಪಿಯನ್‌ಗಳಿಗೆ ಕಾಲೇ ಮುಖ್ಯ" ಅಂತೀರಾ? ಇತಿಹಾಸ ನೋಡಿ.

1989ರ ಟೂರ್ ಡಿ ಫ್ರಾನ್ಸ್. ಕೊನೆಯ ದಿನ ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿಮೀ ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದ. ಟ್ರಯಥ್ಲಾನ್‌ನವರು ಬಳಸ್ತಿದ್ದ ಮೊಣಕೈ ಊರೋ ಹ್ಯಾಂಡಲ್ ಹಾಕಿಕೊಂಡ, ಉದ್ದ ಬಾಲದ ಹೆಲ್ಮೆಟ್ ಹಾಕಿಕೊಂಡ. ಮುಂದಿದ್ದ ಫ್ರಾನ್ಸಿನ ಲೊರಾನ್ ಫಿನ್ಯೊಂಗೆ ಆ ಹ್ಯಾಂಡಲ್ ಇರಲಿಲ್ಲ, ಹೆಲ್ಮೆಟ್ಟೂ ಇರಲಿಲ್ಲ, ಜುಟ್ಟು ಗಾಳಿಯಲ್ಲಿ ಹಾರಾಡ್ತಿತ್ತು. ಮೂರು ವಾರದ ಸ್ಪರ್ಧೆಯನ್ನು ಲೆಮಾಂಡ್ ಗೆದ್ದದ್ದು ಬರೀ 8 ಸೆಕೆಂಡಿನಲ್ಲಿ. ಫಿನ್ಯೊಂಗೆ ಅವತ್ತು ಕೂರೋ ಜಾಗದಲ್ಲಿ ಹುಣ್ಣಾಗಿತ್ತು ಅನ್ನೋದೂ ನಿಜ. ಆದ್ರೂ ಆ ಹ್ಯಾಂಡಲ್ಲಿನ ಪಾಲಿಲ್ಲ ಅಂತ ಯಾರೂ ಹೇಳಲಾರರು.

1993ರಲ್ಲಿ ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ ತಾನೇ ಕಟ್ಟಿದ ಸೈಕಲ್ಲಿನಲ್ಲಿ, ಅದರಲ್ಲಿ ವಾಷಿಂಗ್ ಮಷೀನಿನ ಬೇರಿಂಗ್ ಬೇರೆ, ಒಂದು ಗಂಟೆಯಲ್ಲಿ 51.596 ಕಿಮೀ ತುಳಿದು ವಿಶ್ವದಾಖಲೆ ಮಾಡಿದ. ಕೈ ಎದೆಯಡಿ ಮಡಚಿ ಕೂರೋ ಅವನ ಆಸನವನ್ನು ಮರುವರ್ಷವೇ ನಿಷೇಧಿಸಿದರು.

ಎಲ್ಲಕ್ಕಿಂತ ನನ್ನ ಮೆಚ್ಚಿನದು ಕ್ರಿಸ್ ಬೋರ್ಡ್‌ಮನ್ ಕಥೆ. 1996ರಲ್ಲಿ ಇಂಗ್ಲೆಂಡಿನ ಈತ ಕೈ ಮುಂದಕ್ಕೆ ಚಾಚಿದ 'ಸೂಪರ್‌ಮ್ಯಾನ್' ಆಸನದಲ್ಲಿ ಒಂದು ಗಂಟೆಗೆ 56.375 ಕಿಮೀ ಹೋದ. ಆಮೇಲೆ ಸೈಕ್ಲಿಂಗ್ ಆಡಳಿತ ಮಂಡಳಿ ನಿಯಮ ಬದಲಾಯಿಸಿತು: 1972ರಲ್ಲಿ ಎಡ್ಡಿ ಮರ್ಕ್ಸ್ ಬಳಸಿದಂಥ ಮಾಮೂಲಿ ಸೈಕಲ್ಲಿನಲ್ಲೇ ದಾಖಲೆ ಮಾಡಬೇಕು ಅಂತ. 2000ದಲ್ಲಿ ಅದೇ ಬೋರ್ಡ್‌ಮನ್, ಅದೇ ಮ್ಯಾಂಚೆಸ್ಟರ್ ಟ್ರ್ಯಾಕಿನಲ್ಲಿ, ಮಾಮೂಲಿ ಸೈಕಲ್ ತುಳಿದ. ಎಷ್ಟು ಹೋದ ಗೊತ್ತಾ? 49.441 ಕಿಮೀ. ಮರ್ಕ್ಸ್‌ಗಿಂತ ಹತ್ತೇ ಮೀಟರ್ ಜಾಸ್ತಿ! ವಯಸ್ಸು ನಾಲ್ಕು ವರ್ಷ ಹೆಚ್ಚಾಗಿತ್ತು, ಒಪ್ಪಿದೆ. ಮರ್ಕ್ಸ್ ತುಳಿದದ್ದು ಗಾಳಿ ತೆಳುವಾದ ಮೆಕ್ಸಿಕೋ ಸಿಟಿಯಲ್ಲಿ, ಅದೂ ಸರಿ. ಆದ್ರೆ ಒಬ್ಬನೇ ಮನುಷ್ಯನ ಎರಡು ಓಟದ ನಡುವೆ 7 ಕಿಮೀ ಅಂತರ ಬರೀ ವಯಸ್ಸಿನದಲ್ಲ. ಬಹುಪಾಲು ಸೈಕಲ್ಲಿನದು, ಕೂತ ಭಂಗಿಯದು.

ಹಾಗಾದ್ರೆ ನಾನು ಹೇಳೋದೇನು? ಸಾಮಾನಿನ ಮೆಟ್ಟಿಲುಗಳೆಲ್ಲ ಒಂದೇ ಎತ್ತರ ಅಲ್ಲ. ಮೊದಲನೇ ಮೆಟ್ಟಿಲು, ಅಂದ್ರೆ 20 ಕೆಜಿಯ ಸೈಕಲ್ಲಿಂದ ಅಳತೆಗೆ ಸರಿಯಾದ ಯಾವುದೋ ಒಂದು ಹಳೆ ರೋಡ್ ಬೈಕಿಗೆ ಬರೋದು, ಬಹಳ ಎತ್ತರ. ಅದನ್ನು ಬರೀ ಕಾಲಿನ ಬಲದಿಂದ ಹತ್ತೋಕೆ ಆಗಲ್ಲ. ಆಮೇಲಿನದು ಭಂಗಿ, ಬಟ್ಟೆ, ಟಯರಿನ ಗಾಳಿ, ಸೀಮೆಎಣ್ಣೆ ಹಾಕಿ ಒರೆಸಿದ ಚೈನು (ನಮ್ಮ ಉಪ್ಪುಗಾಳಿಗೆ ವಾರದಲ್ಲಿ ತುಕ್ಕು ಹಿಡಿಯುತ್ತೆ). ಇವೆಲ್ಲ ಪುಕ್ಕಟೆ ಅಥವಾ ಅಗ್ಗ. ಆಮೇಲೆ ವರ್ಷಗಟ್ಟಲೆ ಬೆವರು. ಲಕ್ಷದ ಚಕ್ರ ಕೊಟ್ಟಕೊನೆಯ ಮೆಟ್ಟಿಲು, ಗೇಣುದ್ದದ್ದು.

'ಸಾಮಾನು ಮುಖ್ಯ' ಅನ್ನೋದು ಕೊನೇ ಮೆಟ್ಟಿಲನ್ನು ಮಾರೋರ ಮಾತು. 'ಸೈಕಲ್ ಮುಖ್ಯ ಅಲ್ಲ' ಅನ್ನೋದು ಮೊದಲನೇ ಮೆಟ್ಟಿಲು ಹತ್ತಿ ಆದವರ ಮಾತು. ಆ ಮಾತು ಹೇಳೋನು ಯಾವ ಸೈಕಲ್ ಮೇಲೆ ಕೂತು ಹೇಳ್ತಿದ್ದಾನೆ ಅಂತ ಒಂದ್ಸಲ ಬಗ್ಗಿ ನೋಡಿ. ನಾನು 38 ಸಾವಿರದ ಮೇಲೆ ಕೂತು ಹೇಳಿದ್ದೆ, ಹಾಲಿನ ಕ್ಯಾನ್ ಕಟ್ಟಿದ ಸೈಕಲ್ ಹಿಡಿದು ನಿಂತವನಿಗೆ. ಈಗ ನೆನೆದರೆ ನಾಚಿಕೆಯಾಗುತ್ತೆ.

ನಮ್ಮ ವಂಡ್ಸೆ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ಗೆದ್ದರು. ಲಾರಿ ಡ್ರೈವರ್ ಮಗ. ಭಾರ ಎತ್ತೋ ಆಟದಲ್ಲಿ ಒಂದು ನ್ಯಾಯ ಇದೆ, ಕಬ್ಬಿಣ ಎಲ್ಲರಿಗೂ ಅಷ್ಟೇ ತೂಕ. ಬಡವನಿಗೆ 20 ಕೆಜಿ ಅಂದ್ರೆ ಸಾಹುಕಾರನಿಗೂ 20 ಕೆಜಿ. ಸೈಕಲ್ಲಿನಲ್ಲಿ ಹಾಗಲ್ಲ. ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದ್ರೆ ವಿಜಯಪುರ, ಬಾಗಲಕೋಟೆ ಯಾಕೆ? ಅಲ್ಲಿನವರ ಕಾಲಿನಲ್ಲಿ ಮಂತ್ರ ಇದೆ ಅಂತಲ್ಲ. ಅಲ್ಲಿ ಕ್ರೀಡಾ ಹಾಸ್ಟೆಲ್‌ಗಳಿವೆ. ರೈತರ ಮಕ್ಕಳಿಗೆ ಯಾರೋ ಮೊದಲನೇ ಮೆಟ್ಟಿಲು ಹತ್ತಿಸಿದ್ದಾರೆ.

ನನ್ನ ಹತ್ತಿರ ಒಂದು ಸಣ್ಣ ಉಪಾಯ ಇದೆ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರಾಗಿ ಹೊರಡೋದು ಅಂದೆನಲ್ಲ? ಅಂದ್ರೆ ಒಂದೇ ಸೈಕಲ್ಲನ್ನು ಸರದಿ ಮೇಲೆ ಎಲ್ಲರೂ ತುಳಿಯಬಹುದು! ಬೇರೆ ಸೈಕಲ್ ಸ್ಪರ್ಧೆಯಲ್ಲಿ ಇದು ಆಗದ ಮಾತು. ಒಂದೇ ಥರದ ಆರು ಸೈಕಲ್, 5 ಕಿಮೀ ದೂರ, ಮೂರು ನಿಮಿಷಕ್ಕೊಬ್ಬರಂತೆ ಬಿಟ್ಟರೆ ಮೊದಲನೆಯವನು ವಾಪಸ್ ಬರೋ ಹೊತ್ತಿಗೆ ಏಳನೆಯವನ ಸರದಿ. ಎರಡು ಗಂಟೆಯಲ್ಲಿ ನಲವತ್ತು ಹುಡುಗ ಹುಡುಗಿಯರು. ಹೈವೇ ಬೇಡ, ಒಳಗಿನ ರಸ್ತೆ ಸಾಕು. ಫ್ಲಡ್‌ಲೈಟ್ ಹಾಕಿ ರಾತ್ರಿಯಿಡೀ ಕ್ರಿಕೆಟ್ ಟೂರ್ನಮೆಂಟ್ ನಡೆಸೋ ನಮ್ಮ ಊರಿನ ಯುವಕ ಮಂಡಲಗಳಿಗೆ ಇದು ಯಾವ ಲೆಕ್ಕ? ಮರ್ಕ್ಸ್ ನಿಯಮದ ಕರಾವಳಿ ಆವೃತ್ತಿ ಅಂದ್ಕೊಳ್ಳಿ. ಅವತ್ತು ಮಾತ್ರ 'ಕಾಲು ಮುಖ್ಯ' ಅನ್ನೋ ಮಾತು ಸುಳ್ಳಾಗಲ್ಲ.

ಗೆಳೆಯನಿಗೆ ನಿನ್ನೆ ಫೋನ್ ಮಾಡಿ ಹೇಳಿದೆ, ಚಕ್ರ ಬೇಡ, ಮೊದಲು ಹೊಟ್ಟೆ ಕರಗಿಸು, ಹ್ಯಾಂಡಲ್ ಎರಡು ಇಂಚು ಇಳಿಸು ಅಂತ. ಬೈದ. ಆಮೇಲೆ, "ಕಾಂಬ" ಅಂದ. ಬ್ರಹ್ಮಾವರದವನು "ಕಾಂಬ" ಅಂದ್ರೆ ಏನು ಬೇಕಾದ್ರೂ ಆಗಬಹುದು :-)

ನಾನೂ ಚಕ್ರ ತಗೊಳ್ತಾ ಇಲ್ಲ. ರೋಡ್ ಬೈಕು ನಾವುಂದದಲ್ಲೇ ಇದೆ. ಸೀಟಿನ ಕಂಬಕ್ಕೆ ಎರಡು ಕಡೆ ಇನ್ಸುಲೇಶನ್ ಟೇಪ್ ಸುತ್ತಿದ್ದೇವೆ, ಒಂದು ಅವನ ಎತ್ತರಕ್ಕೆ, ಇನ್ನೊಂದು ನನ್ನದಕ್ಕೆ. ನಾನು ಊರಿಗೆ ಹೋದಾಗ ಇಳಿಸಿಕೊಳ್ತೇನೆ. ಚಿಕ್ಕಮ್ಮ ಅದಕ್ಕೂ ಹಾಲಿನ ಕ್ಯಾನ್ ಕಟ್ಟೋಕೆ ಜಾಗ ಎಲ್ಲಿ ಅಂತ ಹುಡುಕ್ತಾ ಇದ್ದಾರೆ.

ಈಗ ಕೋರಿಕೆ. ನಿಮ್ಮಲ್ಲಿ ಎಷ್ಟೋ ಜನರ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಉತ್ಸಾಹದಲ್ಲಿ ಕೊಂಡ ಗೇರ್ ಸೈಕಲ್ ಬಟ್ಟೆ ಒಣಗಿಸೋಕೆ ಉಪಯೋಗ ಆಗ್ತಿರುತ್ತೆ, ನಂಗೊತ್ತು. ಊರಿನ ಯಾರಾದ್ರೂ ಹುಡುಗನಿಗೋ ಹುಡುಗಿಗೋ ಕೊಟ್ಟುಬಿಡಿ. ಕೊಡುವಾಗ ದಯವಿಟ್ಟು 'ಸೈಕಲ್ ಮುಖ್ಯ ಅಲ್ಲ' ಅಂತ ಮಾತ್ರ ಹೇಳಬೇಡಿ.

ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ. ನೀವೇನಂತೀರಿ?